ಸೂಪರ್‌ಫೈಟ್ ಅಂತ ಯಾವ ಪಂದ್ಯಕ್ಕೆ ಹೇಳಬೇಕು? ಅಲಿ–ಫ್ರೇಜಿಯರ್‌ನಿಂದ ಕನೆಲೊ–ಕ್ರಾಫರ್ಡ್‌ವರೆಗೆ

ಟಿಳಕವಾಡಿ ಗೆಳೆಯ (ಬೆಳಗಾವಿ)

ಕನೆಲೊ ಅಲ್ವರೆಜ್ ಮತ್ತು ಟೆರೆನ್ಸ್ ಕ್ರಾಫರ್ಡ್ ನಡುವಿನ ಬಾಕ್ಸಿಂಗ್ ಪಂದ್ಯ ನೋಡಿದಿರಿ ಅಲ್ವಾ? 2025ರ ಸೆಪ್ಟೆಂಬರ್ 13, ಲಾಸ್ ವೇಗಸ್. ನಮಗೆ ಭಾನುವಾರ ಬೆಳಿಗ್ಗೆ. ಕ್ರಾಫರ್ಡ್ ಎರಡು ತೂಕದ ವರ್ಗ ಮೇಲೆ ಹತ್ತಿ ಬಂದು, ಪಾಯಿಂಟ್‌ಗಳ ಮೇಲೆ ಗೆದ್ದ. ಅವತ್ತಿನಿಂದ ನಮ್ಮ ಗೆಳೆಯರಲ್ಲಿ ಒಂದೇ ವಾದ. ಇದು ಸೂಪರ್‌ಫೈಟ್ ಹೌದೋ ಅಲ್ವೋ?

ಈಗ ವರ್ಷಕ್ಕೆ ನಾಲ್ಕೈದು ಪಂದ್ಯಕ್ಕೆ ಈ ಹೆಸರು ಅಂಟಿಸುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ. ದೊಡ್ಡ ಪಂದ್ಯ ಬೇರೆ, ಒಳ್ಳೆಯ ಪಂದ್ಯ ಬೇರೆ, ಸೂಪರ್‌ಫೈಟ್ ಬೇರೆ ಅನ್ನೋದು ನನ್ನ ನಂಬಿಕೆ. ಒಂದು ಪ್ರಶ್ನೆ ಇರಬೇಕು. ಆ ಪ್ರಶ್ನೆಗೆ ಈ ಇಬ್ಬರನ್ನು ಬಿಟ್ಟು ಜಗತ್ತಿನಲ್ಲಿ ಬೇರೆ ಯಾರೂ ಉತ್ತರ ಕೊಡೋಕೆ ಆಗಬಾರದು. ಸೋತವನ ಕೈಯಿಂದ ಹೋದದ್ದು ಬೇರೆ ಯಾರನ್ನು ಸೋಲಿಸಿದರೂ ವಾಪಸ್ ಬರಬಾರದು. ಇಬ್ಬರಿಗೂ ಹಾಗೇ ಇರಬೇಕು.

1971ರ ಮಾರ್ಚ್ 8ರ ಅಲಿ–ಫ್ರೇಜಿಯರ್ ತೆಗೆದುಕೊಳ್ಳಿ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಲಿ 31 ಪಂದ್ಯ ಆಡಿ ಒಂದೂ ಸೋತಿರಲಿಲ್ಲ. ಫ್ರೇಜಿಯರ್ 26 ಆಡಿ ಒಂದೂ ಸೋತಿರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದದ್ದಕ್ಕೆ 1967ರಲ್ಲಿ ಅಲಿಯ ಪಟ್ಟ ಕಿತ್ತುಕೊಂಡಿದ್ದರು. ರಿಂಗಿನಲ್ಲಿ ಅವನನ್ನು ಯಾರೂ ಸೋಲಿಸಿರಲಿಲ್ಲ. ಅವನು ಹೊರಗಿದ್ದಾಗ ಫ್ರೇಜಿಯರ್ ನ್ಯಾಯವಾಗಿ ಆಡಿ ಚಾಂಪಿಯನ್ ಆದ. ಹಾಗಾದರೆ ನಿಜವಾದ ಚಾಂಪಿಯನ್ ಯಾರು? ಯಾವ ಬಾಕ್ಸಿಂಗ್ ಮಂಡಳಿಯೂ ಇದನ್ನು ಕಾಗದದ ಮೇಲೆ ತೀರ್ಮಾನ ಮಾಡೋಕೆ ಆಗುತ್ತಿರಲಿಲ್ಲ.

ಇಬ್ಬರಿಗೂ ತಲಾ 25 ಲಕ್ಷ ಡಾಲರ್ ಗ್ಯಾರಂಟಿ. ಆ ಕಾಲಕ್ಕೆ ಯಾರೂ ಕೇಳಿರದ ಮೊತ್ತ. ಫ್ರಾಂಕ್ ಸಿನಾಟ್ರಾ ಅಂಥ ಗಾಯಕ ರಿಂಗಿನ ಪಕ್ಕ ಕ್ಯಾಮೆರಾ ಹಿಡಿದು, ಪತ್ರಿಕೆಗೆ ಫೋಟೋ ತೆಗೆಯುತ್ತಾ ನಿಂತಿದ್ದ. ಹದಿನೈದನೇ ಸುತ್ತಿನಲ್ಲಿ ಫ್ರೇಜಿಯರ್‌ನ ಎಡಗೈ ಹುಕ್‌ಗೆ (ಬದಿಯಿಂದ ಬೀಸುವ ಏಟಿಗೆ) ಅಲಿ ಮಲಗಿದ. ಎದ್ದ, ಆದರೆ ಸೋತ. ಪಂದ್ಯವೂ ಅದ್ಭುತವಾಗಿತ್ತು, ಸರಿ. ಆದರೆ ಮೊದಲ ಸುತ್ತಿನಲ್ಲೇ ಮುಗಿದಿದ್ದರೂ ಅದು ಸೂಪರ್‌ಫೈಟೇ. ಗಂಟೆ ಹೊಡೆಯುವ ಮೊದಲೇ ಅದು ತೀರ್ಮಾನ ಆಗಿರುತ್ತದೆ ಅನ್ನೋದು ನನ್ನ ವಾದ.

ನೀವೇನಂತೀರಿ?

ಜಮಖಂಡಿ ತಾಲೀಮು

ತಮ್ಮಾ, ನೀವು ಹೇಳಿದ್ದು ನಮ್ಮ ಕಡೆ ಕುಸ್ತಿ ನೋಡಿದವರಿಗೆ ಕೂಡಲೇ ಅರ್ಥ ಆಗುತ್ತದೆ. ಜಾತ್ರೆಯ ಕುಸ್ತಿಯಲ್ಲಿ ಬೆಳಿಗ್ಗೆಯಿಂದ ಸಣ್ಣ ಜೋಡಿಗಳು ನಡೆಯುತ್ತವೆ. ಆದರೆ ಜನ ಕಾಯುವುದು ಒಂದನೇ ನಂಬರ್ ಜೋಡಿಗೆ. ಪೋಸ್ಟರ್‌ನಲ್ಲಿ ಆ ಇಬ್ಬರ ಫೋಟೋ ದೊಡ್ಡದಾಗಿ ಇರುತ್ತದೆ. ಅದೂ ನಿಕಾಲಿ ಕುಸ್ತಿ ಆಗಿರಬೇಕು. ಪಾಯಿಂಟ್ ಲೆಕ್ಕ ಇಲ್ಲ, ಒಬ್ಬ ಚಿತ್ ಆಗಲೇಬೇಕು.

ಒಳ್ಳೆಯ ವಸ್ತಾದ, ಅಂದರೆ ಕುಸ್ತಿ ಗುರು, ಜೋಡಿ ಹೇಗೆ ಕಟ್ಟುತ್ತಾನೆ ಗೊತ್ತಾ? ತೂಕ ನೋಡುತ್ತಾನೆ, ಹೌದು. ಆದರೆ ಅದಕ್ಕಿಂತ ಜಾಸ್ತಿ ಊರು ನೋಡುತ್ತಾನೆ. ಒಂದು ತಾಲೀಮಿನ (ಗರಡಿಯ) ಹೆಸರು ಇನ್ನೊಂದು ತಾಲೀಮಿನ ಹೆಸರಿನ ಎದುರು ನಿಲ್ಲಬೇಕು. ಕೊಲ್ಹಾಪುರದಲ್ಲಿ ತಯಾರಾದವನು ಒಂದು ಕಡೆ, ನಮ್ಮ ಕಡೆಯ ಮಣ್ಣಿನಲ್ಲಿ ತಯಾರಾದವನು ಇನ್ನೊಂದು ಕಡೆ. ಹಾಗಿದ್ದರೆ ಕುಸ್ತಿ ಬಾರದವರೂ ಬಂದು ಕೂರುತ್ತಾರೆ.

ದೇಶ ದಾಟಿದ ಜೋಡಿ ಬೇಕೆಂದರೆ ಗಾಮಾ ಮತ್ತು ಪೋಲೆಂಡಿನ ಝ್ಬಿಷ್ಕೊ. 1910ರಲ್ಲಿ ಲಂಡನ್ನಿನಲ್ಲಿ ಇಬ್ಬರೂ ಎರಡೂವರೆ ತಾಸಿಗಿಂತ ಜಾಸ್ತಿ ಹಿಡಿದಾಡಿದರು. ನಿಕಾಲಿ ಆಗಲಿಲ್ಲ. ಝ್ಬಿಷ್ಕೊ ನೆಲಕ್ಕೆ ಅಂಟಿಕೊಂಡು ಬಚಾವಾದ. ಮತ್ತೆ ಎದುರಾದದ್ದು 1928ರಲ್ಲಿ, ಪಟಿಯಾಲದಲ್ಲಿ. ಗಾಮಾ ಒಂದು ನಿಮಿಷದೊಳಗೆ ಮುಗಿಸಿದ. ಅಷ್ಟು ವರ್ಷ ಆ ಪ್ರಶ್ನೆ ಹಾಗೇ ಉಳಿದಿತ್ತು. ನೀವು ಹೇಳಿದ ಹಾಗೆ, ಬೇರೆ ಯಾರನ್ನು ಸೋಲಿಸಿದರೂ ಅದಕ್ಕೆ ಉತ್ತರ ಸಿಗುತ್ತಿರಲಿಲ್ಲ.

ಗುಮ್ಮಟ ನಗರಿ (ವಿಜಯಪುರ)

ಎಲ್ಲಾ ಸರಿ, ಆದರೆ ದುಡ್ಡಿನ ಮಾತನ್ನು ಯಾಕೆ ಬಿಡುತ್ತೀರಿ? ಸೂಪರ್‌ಫೈಟ್ ಹುಟ್ಟಿದ್ದೇ ಪ್ರಮೋಟರ್‌ಗಳಿಂದ.

ಟೆಕ್ಸ್ ರಿಕಾರ್ಡ್ ಅನ್ನುವವನು 1921ರಲ್ಲಿ ಅಮೆರಿಕದ ಚಾಂಪಿಯನ್ ಡೆಂಪ್ಸಿ ಮತ್ತು ಫ್ರಾನ್ಸಿನ ಕಾರ್ಪೆಂಟಿಯರ್ ಪಂದ್ಯ ಕಟ್ಟಿದ. ಜರ್ಸಿ ಸಿಟಿಯಲ್ಲಿ ಅದಕ್ಕಾಗಿಯೇ ಮರದ ಕ್ರೀಡಾಂಗಣ ಎಬ್ಬಿಸಿದರು. ಟಿಕೆಟ್ ಹಣ ಮೊದಲ ಬಾರಿಗೆ 10 ಲಕ್ಷ ಡಾಲರ್ ದಾಟಿತು. ಕಾರ್ಪೆಂಟಿಯರ್ ಮೊದಲ ಮಹಾಯುದ್ಧದಲ್ಲಿ ಪದಕ ಪಡೆದ ಯೋಧ. ಡೆಂಪ್ಸಿ ಯುದ್ಧ ತಪ್ಪಿಸಿಕೊಂಡ ಅನ್ನೋ ಆರೋಪ ಇತ್ತು, ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ರಿಕಾರ್ಡ್ ಮಾರಿದ್ದು ಈ ಕಥೆಯನ್ನು. ತೂಕದಲ್ಲಿ ಕಾರ್ಪೆಂಟಿಯರ್ ತುಂಬಾ ಕಡಿಮೆ. ನಾಲ್ಕನೇ ಸುತ್ತಿನಲ್ಲಿ ಮುಗಿಯಿತು. ಆದರೂ ಇಡೀ ದೇಶ ಅದರ ಬಗ್ಗೆಯೇ ಮಾತಾಡಿತು.

ಆ ಪಂದ್ಯ ರೇಡಿಯೋದಲ್ಲೂ ಬಂತು. ಆಮೇಲೆ ಸಿನಿಮಾ ಥಿಯೇಟರಿನಲ್ಲಿ ಟಿಕೆಟ್ ಕೊಟ್ಟು ನೇರ ಪ್ರಸಾರ ನೋಡುವ ಕಾಲ ಬಂತು. ಆಮೇಲೆ ಮನೆಯಲ್ಲೇ ಪಂದ್ಯಕ್ಕೆ ಇಷ್ಟು ಅಂತ ಕಟ್ಟುವ ಪೇ-ಪರ್-ವ್ಯೂ. ಈಗ ಕನೆಲೊ–ಕ್ರಾಫರ್ಡ್ ನೆಟ್‌ಫ್ಲಿಕ್ಸ್‌ನಲ್ಲಿ ಬಂತು, ಚಂದಾದಾರರಿಗೆ ಬೇರೆ ದುಡ್ಡಿಲ್ಲ. ಪ್ರಸಾರ ಬದಲಾದಂತೆ ಸೂಪರ್‌ಫೈಟಿನ ಅಳತೆಯೂ ಬದಲಾಗಿದೆ. ಎಷ್ಟು ಜನ ನೋಡಿದರು ಅನ್ನೋದೇ ಲೆಕ್ಕ.

ಟಿಳಕವಾಡಿ ಗೆಳೆಯ (ಬೆಳಗಾವಿ)

ಸರ್, ಜನ ಸೇರಿದ ಮಾತ್ರಕ್ಕೆ ಆಗಲ್ಲ. 1993ರಲ್ಲಿ ಮೆಕ್ಸಿಕೋದ ಅಜ್ಟೆಕಾ ಕ್ರೀಡಾಂಗಣದಲ್ಲಿ ಹೂಲಿಯೊ ಸೆಸಾರ್ ಚಾವೆಜ್ ಆಡಿದಾಗ 1,32,000ಕ್ಕೂ ಹೆಚ್ಚು ಜನ ಇದ್ದರು. ಎದುರಾಳಿ ಗ್ರೆಗ್ ಹಾಗೆನ್. ಐದನೇ ಸುತ್ತಿನಲ್ಲಿ ಮುಗಿಯಿತು. ಜನ ಬಂದದ್ದು ಚಾವೆಜ್‌ಗಾಗಿ. ಹಾಗೆನ್ ಗೆಲ್ಲಬಹುದು ಅಂತ ಬಂದವರು ಎಷ್ಟು? ಅಲ್ಲಿ ಪ್ರಶ್ನೆಯೇ ಇರಲಿಲ್ಲ. ಅದು ಹಬ್ಬ.

ಉಲ್ಟಾ ಉದಾಹರಣೆಯೂ ಇದೆ. 1977ರ ಏಪ್ರಿಲ್, ಕ್ಯಾಲಿಫೋರ್ನಿಯಾದ ಇಂಗಲ್‌ವುಡ್. ಕಾರ್ಲೊಸ್ ಸರಾಟೆ ಮತ್ತು ಅಲ್ಫೊನ್ಸೊ ಸಮೊರಾ. ಇಬ್ಬರೂ ಮೆಕ್ಸಿಕೋದವರು, ಇಬ್ಬರೂ ಬ್ಯಾಂಟಮ್‌ವೇಟ್ ಅನ್ನೋ ಹಗುರ ತೂಕದಲ್ಲಿ ಬೇರೆ ಬೇರೆ ಮಂಡಳಿಗಳ ಚಾಂಪಿಯನ್‌ಗಳು. ಸರಾಟೆ 45 ಪಂದ್ಯ ಗೆದ್ದಿದ್ದ, ಅದರಲ್ಲಿ 44 ನಾಕೌಟ್. ಸಮೊರಾ 29 ಗೆದ್ದಿದ್ದ, 29ಕ್ಕೆ 29 ನಾಕೌಟ್. ಮಂಡಳಿಗಳ ಜಗಳದಿಂದ ಪಟ್ಟವನ್ನೂ ಪಣಕ್ಕೆ ಇಡಲಿಲ್ಲ. ನಾಲ್ಕನೇ ಸುತ್ತಿನಲ್ಲಿ ಸರಾಟೆ ಗೆದ್ದ. ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಪಣಕ್ಕೆ ಇಲ್ಲದಿದ್ದರೂ ಸಮೊರಾ ಕಳೆದುಕೊಂಡದ್ದು ಬೆಲ್ಟಿಗಿಂತ ದೊಡ್ಡದು. ಆಮೇಲೆ ಅವನು ಮೊದಲಿನ ಹಾಗೆ ಆಡಲೇ ಇಲ್ಲ. ನನ್ನ ಲೆಕ್ಕದಲ್ಲಿ ಇದು ಅಪ್ಪಟ ಸೂಪರ್‌ಫೈಟ್, ಜಗತ್ತಿನ ಅರ್ಧಕ್ಕೆ ಅದರ ಸುದ್ದಿ ಗೊತ್ತಿಲ್ಲದಿದ್ದರೂ.

ಇಳಕಲ್ ಅಕ್ಕ

ನೀವೆಲ್ಲ ಇಬ್ಬರು ಆಟಗಾರರ ಒಳಗಿನ ಮಾತನ್ನೇ ಆಡುತ್ತಿದ್ದೀರಿ. ಕೆಲವು ಪಂದ್ಯಗಳಲ್ಲಿ ಪ್ರಶ್ನೆ ಆಟಗಾರರದ್ದೇ ಅಲ್ಲ. ಹೊರಗಿನ ಜನ ತಮ್ಮ ಪ್ರಶ್ನೆಯನ್ನು ತಂದು ಅವರ ಹೆಗಲ ಮೇಲೆ ಹಾಕುತ್ತಾರೆ.

1910ರ ಜುಲೈ 4, ನೆವಾಡಾದ ರೀನೊ. ಜ್ಯಾಕ್ ಜಾನ್ಸನ್ ಹೆವಿವೇಟ್‌ನ, ಅಂದರೆ ಎಲ್ಲಕ್ಕಿಂತ ಭಾರಿ ತೂಕದ ವರ್ಗದ, ಮೊದಲ ಕಪ್ಪು ಚಾಂಪಿಯನ್. ಪಟ್ಟವನ್ನು 1908ರಲ್ಲಿ ಸಿಡ್ನಿಯಲ್ಲಿ ಗೆದ್ದಿದ್ದ. ಅದು ಬಿಳಿಯರಿಗೆ ಸಹಿಸೋಕೆ ಆಗಲಿಲ್ಲ. ಸೋಲದೆ ನಿವೃತ್ತನಾಗಿ ಹೊಲದಲ್ಲಿ ದುಡಿಯುತ್ತಿದ್ದ ಹಳೆಯ ಬಿಳಿಯ ಚಾಂಪಿಯನ್ ಜೆಫ್ರೀಸ್‌ನನ್ನು ಒತ್ತಾಯ ಮಾಡಿ ಕರೆತಂದರು. ಹದಿನೈದನೇ ಸುತ್ತಿನಲ್ಲಿ ಜಾನ್ಸನ್ ಗೆದ್ದ. ಅವತ್ತು ರಾತ್ರಿ ಅಮೆರಿಕದ ಎಷ್ಟೋ ಊರುಗಳಲ್ಲಿ ಕಪ್ಪು ಜನರ ಮೇಲೆ ದಾಳಿ ಆಯಿತು, ಜನ ಸತ್ತರು. ಆ ಪಂದ್ಯದ ಸಿನಿಮಾ ತೋರಿಸದಂತೆ ಊರೂರಲ್ಲಿ ತಡೆದರು. 1912ರಲ್ಲಿ ಬಾಕ್ಸಿಂಗ್ ಸಿನಿಮಾಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಅಂತ ಕಾನೂನೇ ಬಂತು. ಒಂದು ಪಂದ್ಯ ಕಾನೂನು ತರುವಷ್ಟು ಹೆದರಿಕೆ ಹುಟ್ಟಿಸಿತು ಅಂದರೆ ಯೋಚಿಸಿ.

ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಕಥೆ ನನಗೆ ಇನ್ನೂ ಹತ್ತಿರ. 1936ರಲ್ಲಿ ಷ್ಮೆಲಿಂಗ್ ಹನ್ನೆರಡನೇ ಸುತ್ತಿನಲ್ಲಿ ಲೂಯಿಸ್‌ನನ್ನು ಕೆಡವಿದ. ಹಿಟ್ಲರನ ಸರ್ಕಾರ ಅದನ್ನು ತನ್ನ ಜನಾಂಗದ ಗೆಲುವು ಅಂತ ಸಾರಿತು. 1938ರ ಜೂನ್ 22ಕ್ಕೆ ಯಾಂಕಿ ಸ್ಟೇಡಿಯಂನಲ್ಲಿ ಮತ್ತೆ ಎದುರಾದರು. ಲೂಯಿಸ್ ಆ ಹೊತ್ತಿಗೆ ಚಾಂಪಿಯನ್. ತನ್ನದೇ ದೇಶದಲ್ಲಿ ಎಷ್ಟೋ ಹೋಟೆಲುಗಳು ಒಳಗೆ ಬಿಡದ ಒಬ್ಬ ಕಪ್ಪು ಹುಡುಗನ ಮೇಲೆ ಇಡೀ ಅಮೆರಿಕ ಭರವಸೆ ಇಟ್ಟಿತ್ತು. ಎರಡು ನಿಮಿಷ ನಾಲ್ಕು ಸೆಕೆಂಡ್. ಮುಗಿಯಿತು.

ಷ್ಮೆಲಿಂಗ್ ಕೂಡ ಹಿಟ್ಲರನ ಮನುಷ್ಯ ಆಗಿರಲಿಲ್ಲ. ಅವನ ಮ್ಯಾನೇಜರ್ ಯಹೂದಿ. ಅದೇ 1938ರ ನವೆಂಬರ್‌ನಲ್ಲಿ ಯಹೂದಿಗಳ ಮೇಲೆ ದಾಳಿ ಆದಾಗ ಇಬ್ಬರು ಯಹೂದಿ ಹುಡುಗರನ್ನು ತನ್ನ ಹೋಟೆಲ್ ಕೋಣೆಯಲ್ಲಿ ಬಚ್ಚಿಟ್ಟು ಕಾಪಾಡಿದ. ಮುಂದೆ ಅವನೂ ಲೂಯಿಸ್‌ನೂ ಗೆಳೆಯರಾದರು. ಇಬ್ಬರ ನಡುವೆ ದ್ವೇಷ ಇದ್ದರೆ ಮಾತ್ರ ಸೂಪರ್‌ಫೈಟ್ ಅನ್ನುವವರು ಇದನ್ನು ಓದಬೇಕು.

ಕ್ಯಾಂಪ್ ರಿಂಗ್ (ಬೆಳಗಾವಿ)

ಅಕ್ಕಾ, ಚೆನ್ನಾಗಿ ಹೇಳಿದಿರಿ. ನಾನು ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುವವನು, ಹಾಗಾಗಿ ರಿಂಗಿನ ಒಳಗಿನ ಮಾತು ಸೇರಿಸುತ್ತೇನೆ.

ಒಳ್ಳೆಯ ಪಂದ್ಯ ಮತ್ತು ಸೂಪರ್‌ಫೈಟ್ ಬೇರೆ ಅನ್ನೋದಕ್ಕೆ 2005ರ ಕೊರಾಲೆಸ್–ಕಾಸ್ಟಿಯೊ ಸಾಕು. ಹತ್ತನೇ ಸುತ್ತಿನಲ್ಲಿ ಕೊರಾಲೆಸ್ ಎರಡು ಸಲ ಬಿದ್ದ, ಎದ್ದ, ಅದೇ ಸುತ್ತಿನಲ್ಲಿ ಗೆದ್ದ. ನಾನು ನೋಡಿದ್ದರಲ್ಲಿ ಅದಕ್ಕಿಂತ ದೊಡ್ಡ ಸುತ್ತು ಇಲ್ಲ. ಆದರೆ ಅದು ಸೂಪರ್‌ಫೈಟ್ ಅಲ್ಲ. ಆಡಿದ ಮೇಲೆ ದೊಡ್ಡದಾಯಿತು.

ಇನ್ನೊಂದು ವಿಷಯ, ಶೈಲಿ. ಇಬ್ಬರೂ ಒಂದೇ ಥರ ಆಡಿದರೆ ಪ್ರಶ್ನೆ ಹರಿತ ಆಗಲ್ಲ. ಫ್ರೇಜಿಯರ್ ಬಗ್ಗಿ ಒಳಗೆ ನುಗ್ಗುವವನು, ಅಲಿ ದೂರ ನಿಂತು ಜ್ಯಾಬ್ (ಕೈ ನೇರ ಚಾಚಿ ಕೊಡುವ ಚುರುಕು ಏಟು) ಹಾಕುವವನು. ಯಾವ ದಾರಿ ಗೆಲ್ಲುತ್ತದೆ ಅನ್ನೋದೂ ಪ್ರಶ್ನೆಯ ಭಾಗ.

ಕಾಲ ಬದಲಾದದ್ದನ್ನೂ ಗಮನಿಸಿ. 1982ರ ನವೆಂಬರ್‌ನಲ್ಲಿ ರೇ ಮಾನ್ಸಿನಿ ಜೊತೆ ಆಡಿದ ಕೊರಿಯಾದ ಕಿಮ್ ಡುಕ್-ಕೂ ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅದಾದ ಮೇಲೆ ಮಂಡಳಿಗಳು ಒಂದೊಂದಾಗಿ 15 ಸುತ್ತನ್ನು 12ಕ್ಕೆ ಇಳಿಸಿದವು. ಅದು ಆಗಲೇಬೇಕಿತ್ತು. ಪಂದ್ಯದ ಲೆಕ್ಕ ಮಾತ್ರ ಬದಲಾಯಿತು. 1987ರಲ್ಲಿ ಶುಗರ್ ರೇ ಲಿಯೊನಾರ್ಡ್, ಚಾಂಪಿಯನ್ ಮಾರ್ವಿನ್ ಹ್ಯಾಗ್ಲರ್ ಎದುರು ಬರುವಾಗ 12 ಸುತ್ತು ಬೇಕು, ದೊಡ್ಡ ರಿಂಗ್ ಬೇಕು, ದಪ್ಪ ಗ್ಲೌಸ್ ಬೇಕು ಅಂತ ಮಾತುಕತೆಯಲ್ಲೇ ಪಡೆದ. ಮೂರೂ ಅವನ ಓಡಾಟದ ಆಟಕ್ಕೆ ಅನುಕೂಲ. ಜಡ್ಜ್‌ಗಳು ಒಮ್ಮತವಿಲ್ಲದೆ ಲಿಯೊನಾರ್ಡ್‌ಗೆ ಕೊಟ್ಟರು. ಹ್ಯಾಗ್ಲರ್ ಮತ್ತೆ ರಿಂಗಿಗೆ ಬರಲೇ ಇಲ್ಲ, ಇಟಲಿಗೆ ಹೋಗಿ ನೆಲೆಸಿದ. ಇವತ್ತಿಗೂ ಹ್ಯಾಗ್ಲರ್ ಗೆದ್ದ ಅನ್ನುವವರು ಇದ್ದಾರೆ. ಅವರಲ್ಲಿ ನಾನೂ ಒಬ್ಬ.

ಚಿಕ್ಕೋಡಿ ವಿದ್ಯಾರ್ಥಿ

ಸರ್, ಮೇವೆದರ್–ಪಾಕ್ವಿಯಾವೊ ಯಾವ ಕಡೆ ಬರುತ್ತದೆ? ಟೈಸನ್ ಮತ್ತು ಜೇಕ್ ಪಾಲ್? ನನ್ನ ಕ್ಲಾಸಿನವರೆಲ್ಲ ನೋಡಿದ್ದು ಅದನ್ನೇ.

ಟಿಳಕವಾಡಿ ಗೆಳೆಯ (ಬೆಳಗಾವಿ)

ಎರಡನೆಯದು ಬೇಗ ಹೇಳುತ್ತೇನೆ. ಜೇಕ್ ಪಾಲ್ ಯೂಟ್ಯೂಬ್‌ನಿಂದ ಹೆಸರಾಗಿ ಬಾಕ್ಸಿಂಗ್‌ಗೆ ಬಂದವನು. 2024ರ ನವೆಂಬರ್‌ನಲ್ಲಿ ಟೈಸನ್‌ಗೆ 58, ಪಾಲ್‌ಗೆ 27. ಎರಡು ನಿಮಿಷದ ಎಂಟು ಸುತ್ತು. ಅಲ್ಲಿ ತಿಳಿದುಕೊಳ್ಳುವಂಥದ್ದು ಏನೂ ಇರಲಿಲ್ಲ. ಟೈಸನ್‌ನ ಹೆಸರು ನೋಡೋಕೆ ಜನ ಬಂದರು. ನನಗೆ ಆ ವಯಸ್ಸಿನಲ್ಲಿ ಅವನನ್ನು ಹಾಗೆ ನೋಡಿ ಬೇಸರವಾಯಿತು.

ಮೇವೆದರ್–ಪಾಕ್ವಿಯಾವೊ ಕಷ್ಟದ ಪ್ರಶ್ನೆ. 2009ರ ಕೊನೆಗೆ ಇಬ್ಬರೂ ತುತ್ತತುದಿಯಲ್ಲಿದ್ದರು. ಫಿಲಿಪೀನ್ಸಿನ ಪಾಕ್ವಿಯಾವೊ ತೂಕ ಏರುತ್ತಾ ಏರುತ್ತಾ ಡೆ ಲಾ ಹೋಯಾ, ಹ್ಯಾಟನ್, ಕೊಟ್ಟೊ ಮೂವರನ್ನೂ ಮುಗಿಸಿದ್ದ. ಅಮೆರಿಕದ ಮೇವೆದರ್ ಸೋಲೇ ಕಾಣದವನು. ಉದ್ದೀಪನ ಮದ್ದು ಪತ್ತೆಯ ರಕ್ತ ಪರೀಕ್ಷೆಯ ಜಗಳದಲ್ಲಿ ಮಾತುಕತೆ ಮುರಿಯಿತು. ಆಮೇಲೆ ಕಾಯಿಸಿದರು, ಕಾಯಿಸಿದರು. 2012ರ ಡಿಸೆಂಬರ್‌ನಲ್ಲಿ ಮಾರ್ಕೆಜ್‌ನ ಒಂದೇ ಏಟಿಗೆ ಪಾಕ್ವಿಯಾವೊ ಮುಖ ಅಡಿಯಾಗಿ ಬಿದ್ದ. ಕೊನೆಗೆ 2015ರ ಮೇ 2ರಂದು ಪಂದ್ಯ ಆದಾಗ ಮೇವೆದರ್‌ಗೆ 38, ಪಾಕ್ವಿಯಾವೊಗೆ 36 ವಯಸ್ಸು.

ಅಮೆರಿಕದಲ್ಲಿ 46 ಲಕ್ಷ ಪೇ-ಪರ್-ವ್ಯೂ ಮಾರಾಟ ಆಯಿತು. ಪಂದ್ಯ ಸಪ್ಪೆ. ಮೇವೆದರ್ ಸುಲಭವಾಗಿ ಗೆದ್ದ. ಆದರೂ ನಾನು ಅದನ್ನು ಪಟ್ಟಿಯಿಂದ ತೆಗೆಯಲ್ಲ. ಯಾಕಂದರೆ ಐದು ವರ್ಷ ಕಳೆದರೂ ಆ ಪ್ರಶ್ನೆ ಬೇರೆ ಯಾರ ಕೈಗೂ ಹೋಗಲಿಲ್ಲ. ಫಿಲಿಪೀನ್ಸ್ ದೇಶವೇ ಅವತ್ತು ಟಿವಿ ಮುಂದೆ ಕೂತಿತ್ತು. ಆದರೆ 2010ರಲ್ಲಿ ಸಿಗಬಹುದಾಗಿದ್ದ ಉತ್ತರ 2015ರಲ್ಲಿ ಸಿಗಲಿಲ್ಲ. ಕಾಯಿಸಿದವರು ನಮ್ಮಿಂದ ಅದನ್ನು ಕಿತ್ತುಕೊಂಡರು ಅನ್ನೋ ಸಿಟ್ಟು ನನಗೆ ಈಗಲೂ ಇದೆ.

ಇಳಕಲ್ ಅಕ್ಕ

ಟೈಸನ್–ಪಾಲ್ ನಡೆದ ಅದೇ ರಾತ್ರಿ, ಅದೇ ರಿಂಗಿನಲ್ಲಿ ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ ಎರಡನೇ ಸಲ ಆಡಿದರು. ತಮ್ಮಾ, ನಿನ್ನ ಕ್ಲಾಸಿನವರಿಗೆ ಅದನ್ನು ತೋರಿಸು.

ಮೊದಲ ಪಂದ್ಯ 2022ರ ಏಪ್ರಿಲ್ 30. ಅಲಿ–ಫ್ರೇಜಿಯರ್ ಆಡಿದ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಲ್ಲಿ ಹೆಣ್ಣುಮಕ್ಕಳ ಬಾಕ್ಸಿಂಗ್ ಮುಖ್ಯ ಪಂದ್ಯವಾದದ್ದು ಅದೇ ಮೊದಲು. ಟೇಲರ್ ಐರ್ಲೆಂಡಿನವಳು, 2012ರ ಒಲಿಂಪಿಕ್ ಚಿನ್ನ ಗೆದ್ದವಳು. ಸೆರಾನೊ ಪೋರ್ಟೊ ರಿಕೊದವಳು, ಏಳು ತೂಕಗಳಲ್ಲಿ ಪಟ್ಟ ಗೆದ್ದವಳು. ಐದನೇ ಸುತ್ತಿನಲ್ಲಿ ಟೇಲರ್ ಬೀಳುವ ಹಾಗೆ ಆಗಿ ನಿಂತಳು, ಕೊನೆಗೆ ಗೆದ್ದಳು. ಐರಿಶ್ ಜನ ಒಂದು ಕಡೆ, ಪೋರ್ಟೊ ರಿಕೊ ಜನ ಇನ್ನೊಂದು ಕಡೆ. ಜಮಖಂಡಿ ಕಾಕಾ ಹೇಳಿದ ಊರಿನ ಮಾತು ಇಲ್ಲಿ ಪೂರ್ತಿ ಹೊಂದುತ್ತದೆ.

ಸಿಂದಗಿ ಓದುಗ

ದೇಶ ದೇಶಕ್ಕೆ ಬೇರೆ ಅನ್ನೋದನ್ನೂ ಸೇರಿಸಿ. ಮೆಕ್ಸಿಕೋದವರಿಗೆ ಪೋರ್ಟೊ ರಿಕೊ ಎದುರಿನ ಪಂದ್ಯವೇ ದೊಡ್ಡದು. 1981ರಲ್ಲಿ ಮೆಕ್ಸಿಕೋದ ಸಾಲ್ವದೊರ್ ಸಾಂಚೆಜ್, ಪೋರ್ಟೊ ರಿಕೊದ ವಿಲ್‌ಫ್ರೆಡೊ ಗೊಮೆಜ್‌ನನ್ನು ಎಂಟನೇ ಸುತ್ತಿನಲ್ಲಿ ನಿಲ್ಲಿಸಿದ್ದು ಅಲ್ಲಿನ ಹಳಬರಿಗೆ ಇವತ್ತಿಗೂ ಹಸಿ ನೆನಪು. ಮರುವರ್ಷವೇ ಸಾಂಚೆಜ್ ಕಾರು ಅಪಘಾತದಲ್ಲಿ ತೀರಿಕೊಂಡ, 23 ವಯಸ್ಸು. ಇಂಗ್ಲೆಂಡಿನಲ್ಲಿ ಬೆನ್–ಯೂಬ್ಯಾಂಕ್. ಜಪಾನಿನಲ್ಲಿ ಫೈಟಿಂಗ್ ಹರಾಡ, ಬ್ರೆಜಿಲ್‌ನ ಎಡೆರ್ ಜೋಫ್ರೆ ಎದುರು. ಜೋಫ್ರೆ ತನ್ನ ಜೀವನದಲ್ಲಿ ಸೋತದ್ದು ಎರಡೇ ಸಲ, ಎರಡೂ ಹರಾಡನಿಗೆ, 1965 ಮತ್ತು 1966ರಲ್ಲಿ.

ನಮ್ಮಲ್ಲಿ? 2017ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ವಿಜೇಂದರ್ ಸಿಂಗ್ ಚೀನಾದ ಮೈಮೈತಿಆಲಿಯನ್ನು ಸೋಲಿಸಿದರು. ಡೋಕ್ಲಾಂ ಗಡಿಯಲ್ಲಿ ಬಿಸಿ ಇದ್ದ ಸಮಯ. ಗೆದ್ದ ಮೇಲೆ ವಿಜೇಂದರ್, ಶಾಂತಿಗಾಗಿ ಆ ಬೆಲ್ಟ್ ವಾಪಸ್ ಕೊಡುತ್ತೇನೆ ಅಂದರು. ನನಗೆ ಬಹಳ ಹಿಡಿಸಿತು. ಅದು ನಮ್ಮ ಸೂಪರ್‌ಫೈಟ್ ಅನ್ನಬಹುದಾ?

ಕ್ಯಾಂಪ್ ರಿಂಗ್ (ಬೆಳಗಾವಿ)

ವಿಜೇಂದರ್ ಮಾತು ದೊಡ್ಡದು. ಆದರೆ ಸೂಪರ್‌ಫೈಟ್ ಅನ್ನೋಕೆ ಆಗಲ್ಲ ಸರ್. ಎದುರಿಗಿದ್ದ ಹುಡುಗನ ಹೆಸರು ಪಂದ್ಯಕ್ಕೆ ಮೊದಲು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಜಮಖಂಡಿ ಕಾಕಾ ಹೇಳಿದ ಹಾಗೆ ಎರಡೂ ಕಡೆ ಫೋಟೋ ಅಷ್ಟೇ ದೊಡ್ಡದಿರಬೇಕು.

ನಮ್ಮ ಬಾಕ್ಸಿಂಗ್ ಒಲಿಂಪಿಕ್ ದಾರಿಯದ್ದು. 2008ರಲ್ಲಿ ವಿಜೇಂದರ್, 2012ರಲ್ಲಿ ಮೇರಿ ಕೋಮ್, ಟೋಕಿಯೊದಲ್ಲಿ ಲವ್ಲೀನಾ, ಮೂವರಿಗೂ ಕಂಚು. ಆ ದಾರಿಯಲ್ಲಿ ಎದುರಾಳಿ ಯಾರು ಅನ್ನೋದನ್ನು ಚೀಟಿ ಎತ್ತುವ ಡ್ರಾ ತೀರ್ಮಾನಿಸುತ್ತದೆ. ಮೂರು ಸುತ್ತು, ಮಾರನೇ ದಿನವೋ ಅದರ ಮಾರನೇ ದಿನವೋ ಇನ್ನೊಬ್ಬ. ಇಬ್ಬರ ನಡುವೆ ವರ್ಷಗಟ್ಟಲೆ ಪ್ರಶ್ನೆ ಬೆಳೆಯೋಕೆ ಜಾಗವೇ ಇಲ್ಲ. ಅದಕ್ಕೆ ವೃತ್ತಿಪರ ಬಾಕ್ಸಿಂಗ್ ಬೇಕು, ಒಂದೇ ತೂಕದಲ್ಲಿ ಇಬ್ಬರು ನಮ್ಮವರು ಬೇಕು. ಹರಿಯಾಣದವನೊಬ್ಬ, ಮಣಿಪುರದವನೊಬ್ಬ, ಇಬ್ಬರೂ ಸೋಲದೆ ಮೇಲೆ ಬಂದರೆ ಅವತ್ತು ಇಡೀ ದೇಶ ನೋಡುತ್ತದೆ. ನಮ್ಮ ಕ್ಯಾಂಪಿನ ಹುಡುಗರಲ್ಲೂ ಆ ಆಸೆ ಇದೆ.

ಆಗದೇ ಉಳಿದ ಪಂದ್ಯಗಳೂ ಎಷ್ಟೋ ಇವೆ. ಕ್ಯೂಬಾದ ತಿಯೊಫಿಲೊ ಸ್ಟೀವನ್‌ಸನ್ 1972, 1976, 1980 ಮೂರೂ ಒಲಿಂಪಿಕ್‌ನಲ್ಲಿ ಚಿನ್ನ ಗೆದ್ದ. ದುಡ್ಡಿಗೆ ಆಡಲ್ಲ ಅಂದ. ಅಲಿ ಜೊತೆ ಆಡಲಿಲ್ಲ. ಲೆನಾಕ್ಸ್ ಲೂಯಿಸ್ 1988ರ ಒಲಿಂಪಿಕ್ ಫೈನಲ್‌ನಲ್ಲಿ ರಿಡಿಕ್ ಬೋನನ್ನು ಸೋಲಿಸಿದ್ದ. ವೃತ್ತಿಪರರಾದ ಮೇಲೆ ಆ ಜೋಡಿ ಆಗಲೇ ಇಲ್ಲ. 1992ರಲ್ಲಿ ಬೋ, ಲೂಯಿಸ್ ಜೊತೆ ಆಡುವ ಬದಲು ತನ್ನ ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದ.

ಗುಮ್ಮಟ ನಗರಿ (ವಿಜಯಪುರ)

ಸರಿ, ಮೊದಲ ಪ್ರಶ್ನೆಗೆ ಬರೋಣ. ಕನೆಲೊ–ಕ್ರಾಫರ್ಡ್?

ಟಿಳಕವಾಡಿ ಗೆಳೆಯ (ಬೆಳಗಾವಿ)

ಹೌದು ಅನ್ನುತ್ತೇನೆ, ಅರ್ಧ ಮನಸ್ಸಿನಿಂದ. ಕ್ರಾಫರ್ಡ್ ಕಡೆಯಿಂದ ಪೂರ್ತಿ ಸೂಪರ್‌ಫೈಟ್. ಸೋಲದೆ ಬಂದಿದ್ದ, ಮೂರನೇ ತೂಕದಲ್ಲಿ ಎಲ್ಲಾ ಬೆಲ್ಟ್ ಒಟ್ಟಿಗೆ ಗೆಲ್ಲುವ ಅವಕಾಶ, ಅದಕ್ಕೆ ಬಾಗಿಲು ಒಂದೇ, ಕನೆಲೊ. ಕನೆಲೊ ಕಡೆಯಿಂದ ಅಷ್ಟಿಲ್ಲ. ಅವನು ಮೊದಲೇ ಮೇವೆದರ್‌ಗೆ, ಬಿವೊಲ್‌ಗೆ ಸೋತಿದ್ದ. ತನಗಿಂತ ಸಣ್ಣವನನ್ನು ಸೋಲಿಸಿದ್ದರೆ ಅವನಿಗೆ ಹೊಸದಾಗಿ ಏನು ಸಿಗುತ್ತಿತ್ತು? ಅದಕ್ಕಿಂತ 2024ರ ಮೇ ತಿಂಗಳ, ಇಂಗ್ಲೆಂಡಿನ ಫ್ಯೂರಿ ಮತ್ತು ಉಕ್ರೇನಿನ ಉಸಿಕ್ ಪಂದ್ಯ ನನಗೆ ದೊಡ್ಡದು. ಇಬ್ಬರೂ ಸೋಲದವರು. ಹೆವಿವೇಟ್‌ನ ಎಲ್ಲಾ ಬೆಲ್ಟ್ ಒಬ್ಬನ ಹತ್ತಿರ ಸೇರಿ ಸುಮಾರು 25 ವರ್ಷ ಆಗಿತ್ತು. ರಿಯಾದ್‌ನಲ್ಲಿ ಉಸಿಕ್ ಗೆದ್ದ.

ಚಿಕ್ಕೋಡಿ ವಿದ್ಯಾರ್ಥಿ

ಹಾಗಾದರೆ ಮೊದಲು ಯಾವುದನ್ನು ನೋಡಲಿ? ಒಂದೇ ಹೇಳಿ ಸರ್.

ಕ್ಯಾಂಪ್ ರಿಂಗ್ (ಬೆಳಗಾವಿ)

1981ರ ಸೆಪ್ಟೆಂಬರ್ 16, ಲಿಯೊನಾರ್ಡ್–ಹರ್ನ್ಸ್, ಮೊದಲನೆಯದು. ವೆಲ್ಟರ್‌ವೇಟ್ ಅನ್ನೋ ತೂಕದ ವರ್ಗದ ಎರಡು ಬೆಲ್ಟ್ ಇಬ್ಬರ ಹತ್ತಿರ ಹಂಚಿಹೋಗಿತ್ತು. ಹರ್ನ್ಸ್ 32 ಗೆದ್ದಿದ್ದ, ಅದರಲ್ಲಿ 30 ನಾಕೌಟ್. ಲಿಯೊನಾರ್ಡ್ ಒಂದು ಸಲ ಡುರಾನ್‌ಗೆ ಸೋತು, ಅದನ್ನು ತೀರಿಸಿಕೊಂಡಿದ್ದ.

ಮುಖ್ಯ ತುಣುಕುಗಳನ್ನು ಮಾತ್ರ ನೋಡಬೇಡ, ಪೂರ್ತಿ ನೋಡು. ಶುರುವಿನಲ್ಲಿ ಹರ್ನ್ಸ್ ಹೊಡೆಯೋಕೆ ಬರುತ್ತಾನೆ, ಲಿಯೊನಾರ್ಡ್ ತಪ್ಪಿಸಿಕೊಂಡು ಆಡುತ್ತಾನೆ. ಆರನೇ ಸುತ್ತಿನಿಂದ ಅದಲು ಬದಲಾಗುತ್ತದೆ. ಹರ್ನ್ಸ್ ಜ್ಯಾಬ್ ಹಾಕುತ್ತಾ ಓಡಾಡುತ್ತಾನೆ, ಲಿಯೊನಾರ್ಡ್ ಬೇಟೆಗೆ ಇಳಿಯುತ್ತಾನೆ. ಲಿಯೊನಾರ್ಡ್‌ನ ಎಡಗಣ್ಣು ಊದಿಕೊಳ್ಳುತ್ತಾ ಹೋಗುವುದನ್ನು ಗಮನಿಸು. ಹದಿಮೂರನೇ ಸುತ್ತಿಗೆ ಮೊದಲು ಕಾರ್ನರ್‌ನಲ್ಲಿ ತರಬೇತುದಾರ ಏಂಜೆಲೊ ಡಂಡಿ ಅವನಿಗೆ, ಪಂದ್ಯ ಕೈ ಬಿಟ್ಟು ಹೋಗುತ್ತಿದೆ ಅಂತ ಗದರಿಸುವುದು ಕೇಳುತ್ತದೆ. ಹದಿನಾಲ್ಕರಲ್ಲಿ ರೆಫರಿ ನಿಲ್ಲಿಸಿದಾಗ ಮೂವರೂ ಜಡ್ಜ್‌ಗಳ ಹಾಳೆಯಲ್ಲಿ ಹರ್ನ್ಸ್ ಮುಂದಿದ್ದ. ಇವತ್ತಿನ 12 ಸುತ್ತಿನ ಲೆಕ್ಕದಲ್ಲಿ ಗೆಲುವು ಹರ್ನ್ಸ್‌ದೇ ಆಗುತ್ತಿತ್ತು.

ಒಂದು ಹಾಳೆ ಇಟ್ಟುಕೊಂಡು ಸುತ್ತು ಸುತ್ತಿಗೂ ನೀನೇ ಪಾಯಿಂಟ್ ಬರೆ. ಹನ್ನೆರಡು ಮುಗಿದ ಮೇಲೆ ಯಾರು ಮುಂದಿದ್ದರು ಅಂತ ಇಲ್ಲಿ ಹಾಕು, ನಾನೂ ನನ್ನದು ಹಾಕುತ್ತೇನೆ.